ಬಿ ಸೈಡಿನ ಪರ್ಲ್ ಜಾಮ್: ಶಿವಾಜಿನಗರದಲ್ಲಿ ಯಾರೂ ಎಣಿಸದ ಆಲ್ಬಂ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಮೊದಲು ಒಂದು ಸದ್ದು ಕೇಳಿ.

(ಟೇಪ್ ಓಡುವ ಸದ್ದು. ಆಮೇಲೆ ‘ಟಕ್’.)

ಅಷ್ಟೇ. ಹಾಡು ಹಾಕೋಕೆ ನನ್ನ ಹತ್ತಿರ ಹಕ್ಕೂ ಇಲ್ಲ, ಲೈಸೆನ್ಸ್ ತಗೊಳ್ಳೋಕೆ ದುಡ್ಡೂ ಇಲ್ಲ. ಆದರೆ ಈ ಸಂಚಿಕೆಗೆ ಬೇಕಾಗಿರೋದು ಹಾಡಲ್ಲ, ಆ ‘ಟಕ್’. ಕ್ಯಾಸೆಟ್‌ನ ಒಂದು ಸೈಡ್ ಮುಗಿದಾಗ ಪ್ಲೇಯರ್ ಬಟನ್ ತಾನಾಗೇ ಮೇಲೆದ್ದು ನಿಲ್ಲುವ ಸದ್ದು ಅದು. ಹಾಡು ಮುಗಿದಿರಲಿ, ಮುಗಿಯದಿರಲಿ, ಟೇಪ್ ಮುಗಿದರೆ ‘ಟಕ್’.

ಈ ಕ್ಯಾಸೆಟ್ ನಮ್ಮ ಸೋದರಮಾವನದು. 90 ನಿಮಿಷದ ಖಾಲಿ ಕ್ಯಾಸೆಟ್ ಕೊಂಡು, 1993ರಲ್ಲಿ ಶಿವಾಜಿನಗರದ ಒಂದು ಅಂಗಡಿಯಲ್ಲಿ ರೆಕಾರ್ಡ್ ಮಾಡಿಸಿದ್ದು. ಎ ಸೈಡಿನಲ್ಲಿ ನಿರ್ವಾನಾ ಬ್ಯಾಂಡಿನ ‘ನೆವರ್‌ಮೈಂಡ್’. ಬಿ ಸೈಡಿನಲ್ಲಿ ಪರ್ಲ್ ಜಾಮ್ ಬ್ಯಾಂಡಿನ ‘ಟೆನ್’. ಲೇಬಲ್ ಮೇಲೆ ಮಾವನ ಕೈಬರಹ, ಕನ್ನಡದಲ್ಲಿ: ‘ನಿರ್ವಾಣ’, ‘ಪರಲ್ ಜಾಮ್’.

ಹೋದ ವರ್ಷ ಯುಗಾದಿ ಊಟ ಆದ್ಮೇಲೆ ಕೆ.ಆರ್. ಪುರಂನ ಮಾವನ ಮನೆಯಲ್ಲಿ ನಮ್ಮಿಬ್ಬರಿಗೂ ಒಂದು ಸಣ್ಣ ಜಗಳ. ನಾನು ಸುಮ್ಮನೆ ಒಂದು ಮಾತು ಬಿಟ್ಟೆ: ತೊಂಬತ್ತರ ದಶಕದ ಆಲ್ಬಂ ಅಂದ್ರೆ ನೆವರ್‌ಮೈಂಡ್, ಮೈಕೆಲ್ ಜಾಕ್ಸನ್‌ನೇ ಕೆಳಗಿಳಿಸಿ ನಂಬರ್ ಒನ್ ಆಗಿದ್ದು. ಮಾವ ಎಲೆ ಅಡಿಕೆ ಹಾಕ್ಕೊಳ್ತಾ ಇದ್ದವರು ತಲೆ ಎತ್ತಿ, “ಅಮೆರಿಕದ್ದು ಇರಲಿ. ನಮ್ಮ ಕಡೆ ನಂಬರ್ ಒನ್ ಪರ್ಲ್ ಜಾಮ್. ಶಿವಾಜಿನಗರ, ಹಲಸೂರು, ಐಟಿಐ ಕಾಲೊನಿ, ಎಲ್ಲಿ ಬೇಕಾದ್ರೂ ಕೇಳು” ಅಂದರು.

“ಲೆಕ್ಕ ಎಲ್ಲಿದೆ ಮಾವ?” ಅಂದೆ. ನಾನು ಓದಿದ್ದು ಬಿ.ಕಾಂ. ಲೆಕ್ಕ ಕೇಳೋದು ಚಟ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೆಕ್ಕ ಬರೆದಿಟ್ಟಿಲ್ಲ ಅಂದ್ರೆ ನಡೆದೇ ಇಲ್ಲ ಅಂತಾನಾ?” ಅಂದರು. ನಗ್ತಾ ಹೇಳಿದ್ದಲ್ಲ. ಅಲ್ಲಿಂದ ಶುರುವಾಯ್ತು ಈ ಹುಡುಕಾಟ.

ಮೊದಲು ‘ಚಾರ್ಟ್’ ಅನ್ನೋದು ಏನು ಅಂತ ನೋಡೋಣ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರ ವಾರ ಯಾವ ಆಲ್ಬಂ ಎಷ್ಟನೇ ಸ್ಥಾನದಲ್ಲಿದೆ ಅಂತ 200 ಆಲ್ಬಂಗಳ ಪಟ್ಟಿ ಹಾಕುತ್ತೆ. ನಾವೆಲ್ಲ ಅದನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಥರ ನಂಬ್ತೀವಿ. ಆದರೆ 1991ರ ಮೇ ತನಕ ಆ ಪಟ್ಟಿ ತಯಾರಾಗ್ತಿದ್ದ ರೀತಿ ಕೇಳಿದರೆ ನಗು ಬರುತ್ತೆ. ಪತ್ರಿಕೆಯವರು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, “ಈ ವಾರ ನಿಮ್ಮಲ್ಲಿ ಯಾವುದು ಚೆನ್ನಾಗಿ ಹೋಯ್ತು?” ಅಂತ ಕೇಳೋದು. ಕೌಂಟರ್‌ನಲ್ಲಿ ಇದ್ದವನು ನೆನಪಿದ್ದಷ್ಟು, ಮನಸ್ಸಿಗೆ ಬಂದಷ್ಟು ಹೇಳೋದು. ಎಷ್ಟು ಕಾಪಿ ಅಂತ ಸಂಖ್ಯೆ ಇಲ್ಲ. ಮೊದಲು ಇದು, ಆಮೇಲೆ ಅದು ಅಂತ ಕ್ರಮ ಮಾತ್ರ. ಆ ಕೌಂಟರ್‌ನವನಿಗೆ ಕಂಪನಿಯವರು ಬಿಟ್ಟಿ ರೆಕಾರ್ಡು, ಕನ್ಸರ್ಟ್ ಟಿಕೆಟ್ ಕೊಟ್ಟಿದ್ದರೆ ಮನಸ್ಸಿಗೆ ಏನು ಬರುತ್ತೆ ಅಂತ ನೀವೇ ಊಹಿಸಿ. ತಮಾಷೆ ಅಂದ್ರೆ ಆಗ ನಮ್ಮ ಮಾವ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನ್ ತಯಾರಿಸ್ತಿದ್ದರು.

1991ರ ಮೇ 25ರ ಸಂಚಿಕೆಯಿಂದ ಬಿಲ್‌ಬೋರ್ಡ್ ಈ ಫೋನ್ ಪದ್ಧತಿ ಬಿಟ್ಟು ‘ಸೌಂಡ್‌ಸ್ಕ್ಯಾನ್’ ಅನ್ನೋ ವ್ಯವಸ್ಥೆಗೆ ಹೋಯಿತು. ಸಿಡಿ, ಕ್ಯಾಸೆಟ್ ಹಿಂದೆ ಬಾರ್‌ಕೋಡ್ ಇರುತ್ತಲ್ಲ, ಅಂಗಡಿಯಲ್ಲಿ ಬಿಲ್ ಹಾಕುವಾಗ ಅದನ್ನ ಸ್ಕ್ಯಾನ್ ಮಾಡಿದ ಲೆಕ್ಕ ನೇರವಾಗಿ ಕಂಪ್ಯೂಟರ್‌ಗೆ. ಇದ್ದಕ್ಕಿದ್ದಂತೆ ಪಟ್ಟಿ ತಲೆಕೆಳಗಾಯ್ತು. ‘ಇದನ್ನ ಯಾರು ಕೇಳ್ತಾರೆ’ ಅಂದುಕೊಂಡಿದ್ದ ಕಂಟ್ರಿ ಸಂಗೀತ, ರ್‍ಯಾಪ್, ಹೆವಿ ಮೆಟಲ್ ಎಲ್ಲ ದಡದಡ ಮೇಲೆ ಬಂದವು. ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್‌ನ ಆಲ್ಬಂ ಅದೇ ಸೆಪ್ಟೆಂಬರ್‌ನಲ್ಲಿ ನೇರವಾಗಿ ಒಂದನೇ ಸ್ಥಾನಕ್ಕೇ ಬಂದು ಕೂತಿತು. ಕೇಳುವವರು ರಾತ್ರೋರಾತ್ರಿ ಹುಟ್ಟಿಕೊಂಡಿದ್ದಲ್ಲ. ಮೊದಲಿಂದಲೂ ಇದ್ದರು. ಎಣಿಸೋ ರೀತಿ ಬದಲಾಯ್ತು, ಅಷ್ಟೇ.

ಅದಾಗಿ ನಾಲ್ಕು ತಿಂಗಳಿಗೆ, 1991ರ ಸೆಪ್ಟೆಂಬರ್ 24ಕ್ಕೆ ನೆವರ್‌ಮೈಂಡ್ ಬಂತು. ಕಂಪನಿ ಮೊದಲಿಗೆ ಅಮೆರಿಕದ ಅಂಗಡಿಗಳಿಗೆ ಕಳಿಸಿದ್ದು 46,251 ಕಾಪಿ. ಚಾರ್ಟ್‌ಗೆ ಬಂದಾಗ 144ನೇ ಸ್ಥಾನ. ಅಲ್ಲಿಂದ ಎಂಟಿವಿ ಎತ್ತಿಕೊಂಡು ಹೋಯ್ತು. 1992ರ ಜನವರಿ 11ರ ಪಟ್ಟಿಯಲ್ಲಿ, ನಾಲ್ಕು ವಾರದಿಂದ ಮೇಲೆ ಕೂತಿದ್ದ ಮೈಕೆಲ್ ಜಾಕ್ಸನ್‌ನ ‘ಡೇಂಜರಸ್’ ಕೆಳಗೆ, ನೆವರ್‌ಮೈಂಡ್ ಮೇಲೆ. ಕ್ರಿಸ್‌ಮಸ್‌ಗೆ ಅಪ್ಪ ಅಮ್ಮ ಕೊಡಿಸಿದ ಜಾಕ್ಸನ್ ಸಿಡಿಯನ್ನ ಮಕ್ಕಳು ಅಂಗಡಿಗೆ ವಾಪಸ್ ಕೊಟ್ಟು ನಿರ್ವಾನಾ ತಗೊಂಡರು ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ. ಕಥೆ ಚೆನ್ನಾಗಿದೆ. ಅಷ್ಟು ಚೆನ್ನಾಗಿರೋ ಕಥೆಗಳ ಮೇಲೆ ನನಗೆ ಸ್ವಲ್ಪ ಅನುಮಾನ.

ಯಾರೂ ಹೇಳದ ಇನ್ನೊಂದು ವಿಷಯ: ನೆವರ್‌ಮೈಂಡ್ ಒಂದನೇ ಸ್ಥಾನದಲ್ಲಿ ಇದ್ದದ್ದು ಒಟ್ಟು ಎರಡೇ ವಾರ. ಜನವರಿ 11, ಆಮೇಲೆ ಫೆಬ್ರವರಿ 1. ಮಧ್ಯದ ಎರಡು ವಾರ ಮತ್ತೆ ಅದೇ ಗಾರ್ತ್ ಬ್ರೂಕ್ಸ್.

ಈಗ ಪರ್ಲ್ ಜಾಮ್. ‘ಟೆನ್’ ಬಂದದ್ದು 1991ರ ಆಗಸ್ಟ್ 27ಕ್ಕೆ, ಅಂದ್ರೆ ನೆವರ್‌ಮೈಂಡ್‌ಗಿಂತ ನಾಲ್ಕು ವಾರ ಮೊದಲೇ. ಎರಡೂ ಬ್ಯಾಂಡು ಸಿಯಾಟಲ್ ಸುತ್ತಮುತ್ತಲಿನವು. ಆದರೆ ಟೆನ್ ಮೊದಲ ತಿಂಗಳುಗಳಲ್ಲಿ ತಣ್ಣಗೆ ಬಿದ್ದಿತ್ತು. 1992ರಲ್ಲಿ ನಿಧಾನಕ್ಕೆ ಹತ್ತಿ ಹತ್ತಿ ಎರಡನೇ ಸ್ಥಾನ ತಲುಪಿ, ಅಲ್ಲೇ ನಿಂತಿತು. ಮೇಲೆ ಬಿಲ್ಲಿ ರೇ ಸೈರಸ್ ಅನ್ನೋ ಕಂಟ್ರಿ ಗಾಯಕ 17 ವಾರ ಜಾಗ ಬಿಡದೆ ಕೂತಿದ್ದ. (ಹೌದು, ಮೈಲಿ ಸೈರಸ್ ಅಪ್ಪ.) ಹಾಗಾಗಿ ಇವತ್ತು ನೀವು ಯಾವ ಪಟ್ಟಿ ತೆಗೆದರೂ ಟೆನ್ ಹೆಸರಿನ ಮುಂದೆ ‘ಗರಿಷ್ಠ ಸ್ಥಾನ: 2’ ಅಂತ ಇರುತ್ತೆ.

ಯುಗಾದಿ ದಿನ ನಾನು ಮಾವನಿಗೆ ತೋರಿಸಿದ್ದು ಇದೇ ಸಾಲು. ಫೋನ್ ತಿರುಗಿಸಿ ಮುಖದ ಮುಂದೆ ಹಿಡಿದಿದ್ದೆ. ಈಗ ನೆನೆಸಿಕೊಂಡರೆ ಸ್ವಲ್ಪ ನಾಚಿಕೆ.

ಸರಿ, ಅಮೆರಿಕದಲ್ಲಿ ಬಾರ್‌ಕೋಡ್. ನಮ್ಮಲ್ಲಿ?

1991ರ ಜುಲೈ 24ಕ್ಕೆ ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಬಿ.ಕಾಂನಲ್ಲಿ ಈ ತಾರೀಖು ಬಾಯಿಪಾಠ. ಸರಿಯಾಗಿ ಎರಡು ತಿಂಗಳಿಗೆ ನೆವರ್‌ಮೈಂಡ್. ಅದೇ ಸೆಪ್ಟೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಮೂಲಕ ಎಂಟಿವಿ ಏಷ್ಯಾ ಶುರುವಾಯಿತು. ಉದಾರೀಕರಣ, ಡಿಶ್ ಆ್ಯಂಟೆನಾ, ಗ್ರಂಜ್ ಸಂಗೀತ, ಮೂರೂ ಒಂದೇ ಮಳೆಗಾಲದ ಬೆಳೆ. ಕೇಬಲ್ ಮಾತ್ರ ಎಲ್ಲರ ಮನೆಗೂ ಒಟ್ಟಿಗೆ ಬರಲಿಲ್ಲ. ನಮ್ಮ ಮಾವ ಇದ್ದ ಓಣಿಗೆ ಬಂದದ್ದು ತಡವಾಗಿ. ಹಲಸೂರಿನಲ್ಲಿ ಅವರ ಜೊತೆ ಕೆಲಸ ಮಾಡ್ತಿದ್ದ ಗೆಳೆಯನ ಮನೆಯ ಕೆಳಗೇ ಕೇಬಲ್‌ನವನ ಕಚೇರಿ, ಹಾಗಾಗಿ ಅಲ್ಲಿ ಮೊದಲು ಬಂತು.

ಆ ಗೆಳೆಯ ತಮಿಳರು. ನಿರ್ವಾನಾ ವಿಡಿಯೊ ಮೊದಲ ಸಲ ಬಂದಾಗ ಕೆಳಗೆ ಬ್ಯಾಂಡ್ ಹೆಸರು ಓದಿ ಬಿದ್ದು ಬಿದ್ದು ನಕ್ಕರಂತೆ. ತಮಿಳಿನಲ್ಲಿ ‘ನಿರ್ವಾಣಂ’ ಅಂದ್ರೆ ಬೆತ್ತಲೆ. ಆಮೇಲೆ ಆಲ್ಬಂ ಕವರ್ ನೋಡಿದರೆ ನೀರಲ್ಲಿ ಈಜೋ ಬೆತ್ತಲೆ ಮಗು! “ಹೆಸರಿಗೆ ತಕ್ಕ ಫೋಟೊ” ಅಂತ ಇಬ್ಬರೂ ತೀರ್ಮಾನ ಮಾಡಿದರು. ಕರ್ಟ್ ಕೊಬೇನ್‌ಗೆ ಬೌದ್ಧ ಧರ್ಮದ ನಿರ್ವಾಣ ಮನಸ್ಸಲ್ಲಿತ್ತು ಅನ್ನೋದು ಮಾವನಿಗೆ ಗೊತ್ತಾಗಿದ್ದು ಬಹಳ ವರ್ಷ ಆದ್ಮೇಲೆ. ಈಗಲೂ ಅವರಿಗೆ ಹಲಸೂರಿನ ಅರ್ಥವೇ ಇಷ್ಟ.

ಬೆಂಗಳೂರು ‘ರಾಕ್ ರಾಜಧಾನಿ’ ಅನ್ನೋ ಲೇಖನ ನೀವು ನೂರು ಓದಿರ್ತೀರಿ. 1809ರಲ್ಲಿ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ಕಂಟೋನ್ಮೆಂಟ್ ಆಯಿತು, ಸೈನ್ಯದ ಜೊತೆ ಬ್ಯಾಂಡು, ಚರ್ಚು, ಕ್ಲಬ್ಬು, ಡ್ಯಾನ್ಸು ಬಂದವು, ಆಂಗ್ಲೋ ಇಂಡಿಯನ್ ಕುಟುಂಬಗಳು ಗಿಟಾರ್ ಹಿಡಿದವು, ಆಮೇಲೆ ಬ್ರಿಗೇಡ್ ರೋಡು, ಪಬ್ಬು, ರಾಕ್. ಇದೇನೂ ಸುಳ್ಳಲ್ಲ. ಕಂಟೋನ್ಮೆಂಟ್ ಆಡಳಿತವೇ ಬೇರೆ ಇತ್ತು. ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ. ಎಷ್ಟೋ ಮನೆಗಳಲ್ಲಿ ಆ ಗಡಿ ಇನ್ನೂ ಇದೆ. ಮಲ್ಲೇಶ್ವರದ ನಮ್ಮ ದೊಡ್ಡಮ್ಮ ಇವತ್ತಿಗೂ ಎಂ.ಜಿ. ರೋಡಿಗೆ ಹೋಗೋದನ್ನ ‘ದಂಡಿನ ಕಡೆ ಹೋಗಿದ್ದೆ’ ಅಂತಾರೆ.

ನನ್ನ ತಕರಾರು ಒಂದೇ. ಆ ಲೇಖನಗಳಲ್ಲಿ ಬ್ರಿಗೇಡ್ ರೋಡಿನ ಪಬ್ಬಿನಲ್ಲಿ ಬಿಯರ್ ಹಿಡಿದು ಕೂತವರು ಇರ್ತಾರೆ, ಕಾಲೇಜ್ ಫೆಸ್ಟ್‌ನಲ್ಲಿ ಗಿಟಾರ್ ಬಾರಿಸಿದವರು ಇರ್ತಾರೆ. ಕನ್ನಡ ಮೀಡಿಯಂನಲ್ಲಿ ಓದಿ, ಕಾರ್ಖಾನೆ ಶಿಫ್ಟ್ ಮುಗಿಸಿ, ಬಿಟಿಎಸ್ ಬಸ್ ಹತ್ತಿ, ಹಳೇ ಮದ್ರಾಸ್ ರೋಡಿನಲ್ಲಿ ಹಲಸೂರು ದಾಟಿ ಶಿವಾಜಿನಗರಕ್ಕೆ ಬಂದು, ಒಂದು ಖಾಲಿ ಕ್ಯಾಸೆಟ್ ತುಂಬಿಸಿಕೊಂಡು ವಾಪಸ್ ಹೋದವರು ಇರಲ್ಲ. ಮಾವ ಒಂದು ಸಲವೂ ಪಬ್ ಮೆಟ್ಟಿಲು ಹತ್ತಿದವರಲ್ಲ. ಅವರ ರಾಕ್ ಎಲ್ಲ ರಾತ್ರಿ ಹತ್ತರ ಮೇಲೆ, ವಾಲ್ಯೂಮ್ ಕಮ್ಮಿ ಇಟ್ಟು, ಅಡುಗೆಮನೆ ಪಕ್ಕದ ರೂಮಿನಲ್ಲಿ.

“ಇಂಗ್ಲಿಷ್ ಹಾಡು ಅರ್ಥ ಆಗ್ತಿತ್ತಾ?” ಅಂತ ಕೇಳಿದೆ. “ಅವನಿಗೆ ಅರ್ಥ ಆಗ್ತಿತ್ತಾ?” ಅಂತ ವಾಪಸ್ ಕೇಳಿದರು. ಮಾತಿನಲ್ಲಿ ಹುರುಳಿದೆ. ಕೊಬೇನ್ ಉಚ್ಚಾರಣೆ ಅಮೆರಿಕದವರಿಗೇ ತಿಳೀತಿರಲಿಲ್ಲ. ನೆವರ್‌ಮೈಂಡ್ ಜೊತೆ ಪೂರ್ತಿ ಸಾಹಿತ್ಯ ಅಚ್ಚು ಹಾಕಿರಲಿಲ್ಲ. 1992ರಲ್ಲಿ ‘ಲಿಥಿಯಂ’ ಸಿಂಗಲ್ ಬಂದಾಗ ಅದರೊಳಗೆ ಎಲ್ಲ ಹಾಡಿನ ಸಾಹಿತ್ಯ ಕೊಟ್ಟರು. ಅಲ್ಲೀತನಕ ಸಿಯಾಟಲ್ ಹುಡುಗನೂ ದೂರವಾಣಿನಗರದ ಹುಡುಗನೂ ಒಂದೇ ದೋಣಿಯಲ್ಲಿ.

ಇನ್ನು ಆ ರೆಕಾರ್ಡಿಂಗ್ ಅಂಗಡಿ. ಒಂದು ಭಾನುವಾರ ಮೆಟ್ರೋ ಹಿಡಿದೆ. ಕೆ.ಆರ್. ಪುರಂನಿಂದ ಎಂ.ಜಿ. ರೋಡಿಗೆ ನೇರಳೆ ಮಾರ್ಗದಲ್ಲಿ ಒಂದೇ ಓಟ. 2023ರ ಅಕ್ಟೋಬರ್ ತನಕ ಬೈಯಪ್ಪನಹಳ್ಳಿ ಹತ್ತಿರ ಆ ಕೊಂಡಿ ಇರಲಿಲ್ಲ. ಇಂದಿರಾನಗರ, ಹಲಸೂರು, ಮಾವನ ಬಸ್ ರೂಟ್ ಹೆಚ್ಚುಕಮ್ಮಿ ಮೇಲಿಂದ ಕಾಣುತ್ತೆ. ಎಂ.ಜಿ. ರೋಡ್ ಸ್ಟೇಷನ್ ಇರೋದು ಹಳೇ ಪ್ಲಾಜಾ ಟಾಕೀಸಿನ ಜಾಗದಲ್ಲಿ. ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟ್ ದಾಟಿ, ಶಿವಾಜಿನಗರ. ರಸೆಲ್ ಮಾರ್ಕೆಟ್ 1927ರಿಂದ ನಿಂತ ಕಡೆಯೇ ನಿಂತಿದೆ. ಅದರ ಸುತ್ತ ಮಾವ ಬರೆದುಕೊಟ್ಟ ನಕ್ಷೆ ಹಿಡಿದು ಒಂದು ಗಂಟೆ ಸುತ್ತಿದೆ. ನಕ್ಷೆಯಲ್ಲಿ ಮುಖ್ಯ ಗುರುತು ‘ಕಬಾಬ್ ವಾಸನೆ ಬರೋ ಕಡೆ ಎಡಕ್ಕೆ’ ಅಂತ ಇತ್ತು. ಶಿವಾಜಿನಗರದಲ್ಲಿ ಇದು ಯಾವ ದಿಕ್ಕಿಗೂ ಹೊಂದುತ್ತೆ.

ಕೊನೆಗೆ ಸಿಕ್ಕಿತು. ಈಗ ಅದು ಮೊಬೈಲ್ ಕವರ್, ಟೆಂಪರ್ಡ್ ಗ್ಲಾಸ್ ಮಾರೋ ಅಂಗಡಿ. ಆಗ ಅಲ್ಲಿ ರೆಕಾರ್ಡಿಂಗ್ ಮಾಡ್ತಿದ್ದ ಹುಡುಗ ಈಗ ಅದರ ಮಾಲೀಕರು, ಗಡ್ಡ ಪೂರ್ತಿ ಬಿಳಿ. ಹೆಸರು ಹಾಕಬೇಡಿ ಅಂದರು. ಕಾರಣ ಸ್ಪಷ್ಟ: ಅವರು ಮಾಡ್ತಿದ್ದದ್ದು ಪೈರಸಿ. ಬ್ಯಾಂಡಿಗೆ ಒಂದು ಪೈಸೆ ಹೋಗ್ತಿರಲಿಲ್ಲ, ಸೇಲ್ಸ್ ಟ್ಯಾಕ್ಸ್ ಇಲಾಖೆಗೂ ಹೋಗ್ತಿರಲಿಲ್ಲ. ನಾನು ಅದನ್ನ ಚಂದ ಮಾಡಿ ಹೇಳಲ್ಲ.

ಆದರೆ ಅವರು ಕೆಲಸ ವಿವರಿಸಿದ ರೀತಿ ಕೇಳಿದರೆ ಯಾವ ಬ್ಯಾಕ್ ಆಫೀಸಿಗೂ ಕಮ್ಮಿ ಇರಲಿಲ್ಲ. ಗಿರಾಕಿ ಬಂದು ಪಟ್ಟಿ ಕೊಡಬೇಕು. ಅದನ್ನ ಉದ್ದ ನೋಟ್‌ಬುಕ್ಕಿನಲ್ಲಿ ಬರೆಯೋದು: ತಾರೀಖು, ಹೆಸರು, ಆಲ್ಬಂ, 60 ನಿಮಿಷದ್ದೋ 90 ನಿಮಿಷದ್ದೋ, ಅಡ್ವಾನ್ಸ್ ಎಷ್ಟು. ರಾತ್ರಿ ಒಂದು ಡೆಕ್‌ನಿಂದ ಇನ್ನೊಂದು ಡೆಕ್‌ಗೆ ರೆಕಾರ್ಡ್. ಆದ್ಮೇಲೆ ಟಿಕ್. ತಿಂಗಳ ಕೊನೆಗೆ ಟಿಕ್ ಎಣಿಸಿ, ಯಾವ ಬ್ಯಾಂಡಿನ ಮುಂದಿನ ಸಿಡಿಗೆ ದುಡ್ಡು ಹಾಕಬೇಕು ಅಂತ ನಿರ್ಧಾರ. ಯಾಕಂದ್ರೆ ಒಂದು ಇಂಪೋರ್ಟೆಡ್ ಸಿಡಿ ಆಗ ಅವರಿಗೆ ದೊಡ್ಡ ಬಂಡವಾಳ.

ಯೋಚನೆ ಮಾಡಿ. ಇದು ಚಾರ್ಟ್ ಅಲ್ಲದೆ ಇನ್ನೇನು? ಬಿಲ್‌ಬೋರ್ಡ್‌ನವರು 1991ರ ತನಕ ಫೋನಿನಲ್ಲಿ ಕೇಳ್ತಿದ್ದದ್ದಕ್ಕಿಂತ ಗಟ್ಟಿ ದಾಖಲೆ. ನಾನು ಕುರ್ಚಿ ತುದಿಗೆ ಬಂದು ಕೂತು, “ಆ ನೋಟ್‌ಬುಕ್ಕುಗಳು?” ಅಂದೆ.

“ರದ್ದಿಗೆ. ಡೆಕ್ ಮಾರಿದ ವರ್ಷವೇ.”

ಆಮೇಲೆ ನಾನು ಧೈರ್ಯ ಮಾಡಿ ಮುಖ್ಯ ಪ್ರಶ್ನೆ ಕೇಳಿದೆ. ನಿರ್ವಾನಾನೋ ಪರ್ಲ್ ಜಾಮೋ? ಅವರು ನನ್ನನ್ನ ಒಂದು ಕ್ಷಣ ನೋಡಿ ನಕ್ಕರು. ಅವರ ನೆನಪಿನಲ್ಲಿ ಮೊದಲ ಸ್ಥಾನ ಹಿಂದಿ ಸಿನಿಮಾ ಹಾಡಿಗೆ, ಎರಡನೇದು ತಮಿಳಿಗೆ. ಇಂಗ್ಲಿಷಿನಲ್ಲಿ ಕೇಳಿದರೆ ಬಾನಿ ಎಂ, ಮೈಕೆಲ್ ಜಾಕ್ಸನ್, ಬ್ರಯಾನ್ ಆಡಮ್ಸ್. “ನೀವು ಹೇಳೋ ಆ ಎರಡು ಬ್ಯಾಂಡು ಕೆಲವು ಹುಡುಗರು ಮಾತ್ರ. ಆದರೆ ಆ ಹುಡುಗರು ವಾರ ವಾರ ಬರ್ತಿದ್ದರು.”

ಅಂದ್ರೆ ಮಾವನ ವಾದ ಅಲ್ಲೇ ಬಿತ್ತು. ನನ್ನದೂ ಬಿತ್ತು. ಶಿವಾಜಿನಗರದ ಚಾರ್ಟ್‌ನಲ್ಲಿ, ಒಂದು ವೇಳೆ ಅಂಥದ್ದು ಇದ್ದಿದ್ದರೆ, ನಾವಿಬ್ಬರೂ ಜಗಳ ಆಡಿದ್ದು ಕೆಳಗಿನ ಸ್ಥಾನಗಳಿಗೆ.

ವಾಪಸ್ ಬರ್ತಾ ಮೆಟ್ರೋದಲ್ಲಿ ಅಂಕಿ ಅಂಶ ಮತ್ತೆ ತೆಗೆದೆ. ಆಗ ಸಿಕ್ಕಿದ ಒಂದು ವಿಷಯಕ್ಕೆ ಹಲಸೂರಲ್ಲಿ ಎದ್ದು ನಿಲ್ಲೋದೊಂದು ಬಾಕಿ. 1993ರ ಫೆಬ್ರವರಿ ಹೊತ್ತಿಗೆ ಅಮೆರಿಕದಲ್ಲಿ ಟೆನ್‌ನ ಒಟ್ಟು ಮಾರಾಟ ನೆವರ್‌ಮೈಂಡ್ ಮಾರಾಟವನ್ನೇ ದಾಟಿತ್ತು. ನಂಬರ್ ಒನ್ ಆಗದೇ ಇದ್ದ ಆಲ್ಬಂ, ನಂಬರ್ ಒನ್ ಆಗಿದ್ದ ಆಲ್ಬಂಗಿಂತ ಜಾಸ್ತಿ ಮಾರಾಟ!

ಕಾಮರ್ಸ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ, ನನಗೆ ಹೊಳೆಯೋಕೆ ಇಷ್ಟು ದಿನ ಬೇಕಾಯ್ತು ಅನ್ನೋದೇ ಬೇಜಾರು. ವಾರದ ಚಾರ್ಟ್ ಅನ್ನೋದು ಆ ವಾರದ ವ್ಯಾಪಾರ. ಅದು ಅಂಗಡಿಯ ದಿನದ ಗಲ್ಲಾ ಇದ್ದ ಹಾಗೆ. ಹಬ್ಬದ ದಿನ ಗಲ್ಲಾ ತುಂಬಿದವನು ವರ್ಷದ ಕೊನೆಗೆ ಜಾಸ್ತಿ ಲಾಭ ಮಾಡಿರಬೇಕು ಅಂತೇನಿಲ್ಲ. ನೆವರ್‌ಮೈಂಡ್ ದೀಪಾವಳಿ ಪಟಾಕಿ ಅಂಗಡಿ. ಟೆನ್ ಹಾಲಿನ ಬೂತ್. ದಿನಾ ಒಂದೇ ಥರ, ತಿಂಗಳುಗಟ್ಟಲೆ. ಮುಂದೆ ಎರಡೂ ಅಮೆರಿಕದಲ್ಲಿ ಒಂದು ಕೋಟಿ ದಾಟಿದವು, ಆ ಮಾತು ಬೇರೆ. ಮಾವ ಕ್ಯಾಸೆಟ್ ಮಾಡಿಸಿದ 1993ರಲ್ಲಿ ಪರ್ಲ್ ಜಾಮ್ ಮುಂದಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಅವರ ಎರಡನೇ ಆಲ್ಬಂ ‘ವರ್ಸಸ್’ ಬಂದಾಗ ಮೊದಲ ಐದು ದಿನದಲ್ಲೇ 9,50,378 ಕಾಪಿ ಹೋಯಿತು. ಅಷ್ಟು ಜನ ಎಲ್ಲಿಂದ ಬಂದರು? ಟೆನ್ ಕೇಳಿಕೊಂಡು ಕೂತಿದ್ದವರೇ.

ಟೆನ್‌ನ ಚಾರ್ಟ್ ಚರಿತ್ರೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಅದರಲ್ಲಿ ‘ಬ್ಲ್ಯಾಕ್’ ಅಂತ ಒಂದು ಹಾಡು. ಮಾವನಿಗೆ ಅದೇ ಪ್ರಾಣ. ಕಂಪನಿಯವರು ಅದನ್ನ ಸಿಂಗಲ್ ಆಗಿ ಬಿಡುಗಡೆ ಮಾಡೋಣ ಅಂತ ಒತ್ತಾಯ ಮಾಡಿದರು. ಬ್ಯಾಂಡ್ ಒಪ್ಪಲಿಲ್ಲ. ತೀರಾ ಸ್ವಂತದ ಹಾಡು, ವಿಡಿಯೊ ಮಾಡಿ ಹಾಳು ಮಾಡಲ್ಲ ಅಂತ. ಆಗಿನ ನಿಯಮದ ಪ್ರಕಾರ ಅಂಗಡಿಯಲ್ಲಿ ಸಿಂಗಲ್ ಆಗಿ ಸಿಗದ ಹಾಡಿಗೆ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಪ್ರವೇಶವೇ ಇಲ್ಲ. ಆ ನಿಯಮ ಬದಲಾದದ್ದು 1998ರ ಡಿಸೆಂಬರ್‌ನಲ್ಲಿ. ಆದರೂ ರೇಡಿಯೊದವರು ತಾವಾಗೇ ಹಾಕಿ ಹಾಕಿ ರಾಕ್ ರೇಡಿಯೊ ಚಾರ್ಟ್‌ನಲ್ಲಿ ಬ್ಲ್ಯಾಕ್ ಮೂರನೇ ಸ್ಥಾನಕ್ಕೆ ಬಂತು. ಹಾಟ್ 100 ತೆರೆದು ನೋಡಿದರೆ ಆ ಹಾಡು ಹುಟ್ಟೇ ಇಲ್ಲ ಅನ್ನಬೇಕು. ಅಮೆರಿಕದ ಪಟ್ಟಿಯಲ್ಲೂ ಹೀಗೆ ‘ಟಕ್’ ಅಂತ ಕಟ್ ಆದ ಹಾಡುಗಳು ಇವೆ ಅಂತ ಗೊತ್ತಾದಾಗ ಮಾವ ಎಷ್ಟು ಖುಷಿಪಟ್ಟರು ಅಂದ್ರೆ, ಅತ್ತೆ ಅಡುಗೆಮನೆಯಿಂದ ಬಂದು ಏನಾಯ್ತು ಅಂತ ನೋಡಿದರು.

ಈಗ ಎಣಿಕೆ ಹೇಗಿದೆ? ನೀವು ಈ ಸಂಚಿಕೆ ಮುಗಿಸಿ ಬಸ್‌ನಲ್ಲಿ ಕೂತು ಬ್ಲ್ಯಾಕ್ ಒಂದು ಸಲ ಸ್ಟ್ರೀಮ್ ಮಾಡಿದರೆ ಅದು ಲೆಕ್ಕಕ್ಕೆ ಬರುತ್ತೆ. 2020ರ ಸೆಪ್ಟೆಂಬರ್‌ನಿಂದ ಬಿಲ್‌ಬೋರ್ಡ್‌ಗೆ 200ಕ್ಕೂ ಹೆಚ್ಚು ದೇಶ, ಪ್ರದೇಶಗಳನ್ನು ಸೇರಿಸಿದ ಜಾಗತಿಕ ಪಟ್ಟಿ ಇದೆ. ನಮ್ಮಲ್ಲಿ ಮ್ಯೂಸಿಕ್ ಕಂಪನಿಗಳ ಸಂಘ 2021ರಲ್ಲಿ ವಿದೇಶಿ ಹಾಡುಗಳ ಟಾಪ್ 20 ಶುರುಮಾಡಿತು. 2022ರಲ್ಲಿ ಬಿಲ್‌ಬೋರ್ಡ್ ‘ಇಂಡಿಯಾ ಸಾಂಗ್ಸ್’ ಅಂತ ಭಾರತಕ್ಕೇ ಒಂದು ಪಟ್ಟಿ ತಂದಿತು. ಅದೇ ವರ್ಷ ‘ದಿ ಬ್ಯಾಟ್‌ಮ್ಯಾನ್’ ಸಿನಿಮಾದಿಂದ ನೆವರ್‌ಮೈಂಡ್‌ನ ಕೊನೇ ಹಾಡು, ‘ಸಮ್‌ಥಿಂಗ್ ಇನ್ ದ ವೇ’, ಮೂವತ್ತು ವರ್ಷದ ಮೇಲೆ ಮೊದಲ ಸಲ ಹಾಟ್ 100ಕ್ಕೆ ಬಂದು 46ನೇ ಸ್ಥಾನ ತಲುಪಿತು. ಹಾಡು ಅದೇ. ಎಣಿಸೋ ಯಂತ್ರ ಬೇರೆ.

ನಮ್ಮೂರಿನ ಬ್ಯಾಂಡುಗಳೂ ಇದನ್ನ ಬೇಗ ಅರ್ಥ ಮಾಡ್ಕೊಂಡವು. 1996ರಲ್ಲಿ ಕ್ರೈಸ್ಟ್ ಕಾಲೇಜಿನಲ್ಲಿ ಶುರುವಾದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 2000ದಲ್ಲಿ ಮೊದಲ ಆಲ್ಬಂ ತಂದಾಗ ಅದಕ್ಕೆ ತಮ್ಮ ವೆಬ್‌ಸೈಟ್ ವಿಳಾಸವನ್ನೇ ಹೆಸರಾಗಿ ಇಟ್ಟರು. ಅಂಗಡಿಯಲ್ಲಿ ಸಿಗುತ್ತೋ ಇಲ್ಲವೋ, ಕೇಳುಗ ನೇರ ನಮ್ಮ ಹತ್ತಿರ ಬರಲಿ ಅಂತಿರಬೇಕು. ನಾನು ಕಾಲೇಜಲ್ಲಿ ಇದ್ದಾಗ ಲೈವ್ ಸಂಗೀತ ಬ್ರಿಗೇಡ್ ರೋಡಿನಿಂದ ಪೂರ್ವಕ್ಕೆ, ಇಂದಿರಾನಗರಕ್ಕೆ ಬಂದಿತ್ತು. 12ನೇ ಮೇನ್‌ನ ಹಮ್ಮಿಂಗ್ ಟ್ರೀಗೆ ಎಷ್ಟು ಸಲ ಹೋಗಿದ್ದೀನೋ, 2019ರಲ್ಲಿ ಅದೂ ಮುಚ್ಚಿತು. ಮಾವನನ್ನ ಅಲ್ಲಿಗೆ ಒಂದು ಸಲ ಕರ್ಕೊಂಡು ಹೋಗಬಹುದಿತ್ತು. ಹೊಳೆಯಲೇ ಇಲ್ಲ. ಕೆ.ಆರ್. ಪುರಂನ ನಮ್ಮ ಮಾವನಿಗೂ ಆ ಜಾಗಕ್ಕೂ ಸಂಬಂಧ ಇರಬಹುದು ಅಂತ ನಾನೂ ಎಣಿಸಿರಲಿಲ್ಲ.

ಕೊನೆಯದಾಗಿ ಆ ‘ಟಕ್’.

90 ನಿಮಿಷದ ಕ್ಯಾಸೆಟ್ ಅಂದ್ರೆ ಸೈಡಿಗೆ 45 ನಿಮಿಷ. ನೆವರ್‌ಮೈಂಡ್ 12 ಹಾಡು ಸೇರಿ ಸುಮಾರು 42 ನಿಮಿಷ. ಎ ಸೈಡಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತೆ. ಟೆನ್ 53 ನಿಮಿಷ. ಕೂರಲ್ಲ. ಕ್ಯಾಲ್ಕುಲೇಟರ್ ಹಿಡಿದು ಕೂಡಿ ನೋಡಿದೆ: ಮೊದಲ ಹತ್ತು ಹಾಡು ಮುಗಿಯೋದು 44 ನಿಮಿಷ 10 ಸೆಕೆಂಡಿಗೆ. ಹನ್ನೊಂದನೇದು, ಕೊನೇ ಹಾಡು ‘ರಿಲೀಸ್’, ಶುರುವಾಗಿ ಒಂದು ನಿಮಿಷ ಕೂಡ ಆಗಲ್ಲ. ಟಕ್.

ಮಾವ ಇಷ್ಟು ವರ್ಷ ಏನಂದುಕೊಂಡಿದ್ದರು ಗೊತ್ತಾ? ಆಲ್ಬಂನಲ್ಲಿ ಹತ್ತು ಹಾಡು ಇರೋದಕ್ಕೇ ಅದರ ಹೆಸರು ಟೆನ್ ಅಂತ. ಆ ಕೊನೇ ತುಣುಕು ಅಂಗಡಿಯವನು ಬೇರೆ ಯಾವುದನ್ನೋ ತಪ್ಪಿ ಹಾಕಿದ್ದು ಅಂತ. ಅಸಲಿಗೆ ಟೆನ್ ಅನ್ನೋದು ಮೂಕಿ ಬ್ಲೇಲಾಕ್ ಅನ್ನೋ ಬ್ಯಾಸ್ಕೆಟ್‌ಬಾಲ್ ಆಟಗಾರನ ಜೆರ್ಸಿ ನಂಬರ್. ಬ್ಯಾಂಡಿಗೆ ಮೊದಲು ಅವನ ಹೆಸರನ್ನೇ ಇಟ್ಟುಕೊಂಡಿದ್ದರು. ಇದನ್ನ ಹೇಳಿದಾಗ ಮಾವ ನಂಬಲಿಲ್ಲ.

ರಿಲೀಸ್ ಅಪ್ಪನ ಮೇಲಿನ ಹಾಡು. ಗಾಯಕ ಎಡ್ಡಿ ವೆಡ್ಡರ್‌ಗೆ ಹುಡುಗನಾಗಿದ್ದಾಗ ತನ್ನ ಹೆತ್ತ ಅಪ್ಪ ಯಾರು ಅಂತಲೇ ಗೊತ್ತಿರಲಿಲ್ಲ; ಗೊತ್ತಾಗೋ ಹೊತ್ತಿಗೆ ಆ ಮನುಷ್ಯ ಸತ್ತು ಹೋಗಿದ್ದ. ನಮ್ಮ ತಾತ, ಅಂದ್ರೆ ಮಾವನ ಅಪ್ಪ, ತೀರಿಕೊಂಡಿದ್ದು ಕ್ಯಾಸೆಟ್ ಮಾಡಿಸಿದ ಮುಂದಿನ ವರ್ಷ. ಆ ಬೇಸಿಗೆ ಪೂರ್ತಿ ಬಿ ಸೈಡೇ ಹಾಕ್ತಿದ್ದೆ ಅಂತ ಮಾವ ಈ ಸಂಚಿಕೆಗಾಗಿ ಮಾತಾಡುವಾಗ ಹೇಳಿದರು, ಯಾಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೋದ ತಿಂಗಳು ಅವರ ಮನೆಯಲ್ಲಿ ನನ್ನ ಫೋನ್‌ನಿಂದ ಸಣ್ಣ ಸ್ಪೀಕರ್‌ಗೆ ಹಾಕಿದೆ. ಹತ್ತನೇ ಹಾಡು ಮುಗೀತು. ರಿಲೀಸ್‌ನ ಗಿಟಾರ್ ಶುರುವಾಯ್ತು. ಮಾವ ಕಣ್ಣು ಮುಚ್ಚಿ ಕೂತಿದ್ದರು. ಮೂವತ್ತು, ನಲವತ್ತು ಸೆಕೆಂಡು. ಸರಿಯಾಗಿ ಆ ಜಾಗ ಬಂದಾಗ ಅವರ ಬಲಗೈ ತಾನಾಗೇ ತೊಡೆ ಮೇಲಿಂದ ಎದ್ದು, ಟೇಪ್ ರೆಕಾರ್ಡರ್ ಇರಬೇಕಾದ ಕಡೆ ಹೋಯಿತು, ಕ್ಯಾಸೆಟ್ ತಿರುಗಿಸೋಕೆ. ಅಲ್ಲಿ ಏನೂ ಇರಲಿಲ್ಲ. ಹಾಡು ಮುಂದಕ್ಕೆ ಹೋಗ್ತಾ ಇತ್ತು.

ಆ ಟ್ರ್ಯಾಕ್ ಒಟ್ಟು ಒಂಬತ್ತು ನಿಮಿಷ. ಹಾಡು ಮುಗಿದ ಮೇಲೆ ಸ್ವಲ್ಪ ಮೌನ, ಆಮೇಲೆ ಆಲ್ಬಂ ಶುರುವಾಗುವಾಗ ಕೇಳಿಸುತ್ತಲ್ಲ, ಆ ತೇಲುವ ಬೇಸ್ ಗಿಟಾರ್ ಮತ್ತೆ ಬರುತ್ತೆ. ಮಾವ ಕಣ್ಣು ಬಿಟ್ಟರು.

“ಇದು ಮೊದಲನೇ ಹಾಡಿಗೆ ಮುಂಚೆ ಬರೋದಲ್ವೇನೋ?”

“ಹೌದು ಮಾವ.”

“ಇನ್ನೊಂದು ಸಲ ಹಾಕು. ಮೊದಲಿಂದ.”